ಹೆಸರು ಹಿಡಿದು ಕೇಳಿ, ಕುಲ ಹಿಡಿದು ಬೈಯಬೇಡಿ

ಅಕ್ಕಾವ್ರೇ,

ನಾನು ರಾಯಬಾಗ ತಾಲೂಕಿನ ಒಂದು ಹಳ್ಳಿಯ ಸೊಸೆ. ತವರು ಮಿರಜ್ ಕಡೆ, ನನ್ನ ಮನೆಮಾತು ಮರಾಠಿ. ಗಂಡನ ಮನೆ ಕನ್ನಡ. ಲಗ್ನವಾಗಿ ಇಪ್ಪತ್ತಾರು ವರ್ಷವಾಯಿತು. ಮಗ ಈಗಲೂ ನನ್ನನ್ನು ‘ಆಯಿ’ ಅಂತಲೇ ಕರೆಯುತ್ತಾನೆ. ಅಣ್ಣ ಅತ್ತ ಕಡೆ ಎಸ್‌ಟಿ ಬಸ್ಸಿನ ಡ್ರೈವರ್. ಮೈದುನ ಇತ್ತ ಕಡೆ ಪೊಲೀಸ್ ಹವಾಲ್ದಾರ. ಎರಡೂ ಮನೆಯಲ್ಲಿ ಖಾಕಿ ಇದೆ.

2025ರ ಫೆಬ್ರುವರಿಯಲ್ಲಿ ಬಸ್ ಕಂಡಕ್ಟರನ ಗಲಾಟೆ ಆದಾಗ, ಮಹಾರಾಷ್ಟ್ರದ ಬಸ್ಸಿನ ಡ್ರೈವರನಿಗೆ ಮಸಿ ಬಳಿದ ವಿಡಿಯೋವನ್ನು ನನ್ನ ಮಗ ಮನೆಯ ಗ್ರೂಪಿನಲ್ಲಿ ಹಾಕಿದ. ‘ಹಿಂಗ ಆಗಬೇಕು ಅವ್ರಿಗೆ’ ಅಂತ ಬರೆದ. ಅಣ್ಣ ನೋಡಿದ. ‘ಕಾನಡಿ ಮಂದಿ ಇಷ್ಟೇ’ ಅಂತ ಬರೆದು ಗ್ರೂಪ್ ಬಿಟ್ಟ. ಅಂದಿನಿಂದ ನಮ್ಮ ಮನೆಗೆ ಬಂದಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಕಬ್ಬಿನ ಹೋರಾಟ ನಡೆದಾಗ ಮಗ ಒಂದು ರಸ್ತೆ ತಡೆ ನೋಡಲು ಹೋಗಿದ್ದ. ಯಾರೋ ಕಲ್ಲು ಒಗೆದರು, ಪೊಲೀಸರು ಲಾಠಿ ಬೀಸಿದರು. ಚಹಾದಂಗಡಿ ಮುಂದೆ ನಿಂತಿದ್ದ ನನ್ನ ಮಗನ ಬೆನ್ನಿಗೆ ಬಾಸುಂಡೆ. ಅದೇ ವಾರ ಬೇರೊಂದು ಕಡೆ ಬಂದೋಬಸ್ತಿಗೆ ಹೋಗಿದ್ದ ಮೈದುನನ ಭುಜಕ್ಕೂ ಕಲ್ಲು ಬಿದ್ದಿತ್ತು. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ಕಾಕಾ, ಮಗ ಇಬ್ಬರಿಗೂ ಮಾತು ಬೆಳೆಯಿತು. ‘ಪೊಲೀಸರಂದ್ರ ಎಲ್ಲಾರೂ ಗೂಂಡಾಗೋಳು’ ಅಂದ ಮಗ. ‘ಕಲ್ಲು ಒಗೆಯೋರು ಯಾರು ಅಂತ ನಮಗ ಗೊತ್ತೈತಿ, ಆ ಕೇರಿ ಹುಡುಗ್ರು. ನಾಕು ಬಿಟ್ರ ಬುದ್ಧಿ ಬರತೈತಿ’ ಅಂದ ಮೈದುನ. ನಮ್ಮ ಹೊಲದಲ್ಲಿ ಇಪ್ಪತ್ತು ವರ್ಷ ದುಡಿದವ, ಅದೇ ಕೇರಿಯವ, ಪಕ್ಕದಲ್ಲೇ ಉಣ್ಣುತ್ತಿದ್ದ. ಎದ್ದು ಕೈ ತೊಳೆದುಕೊಂಡು ಹೋದ. ಆಮೇಲೆ ಬಂದಿಲ್ಲ.

ವೈಶಾಖದಲ್ಲಿ ಮಗಳ ಲಗ್ನ. ಸೋದರಮಾವ ಇಲ್ಲದೆ ಅಕ್ಕಿಕಾಳು ಹೇಗೆ ಬೀಳಬೇಕು? ಕಾಕಾ ಬಂದರೆ ಮಗ ಎದ್ದು ಹೋಗುತ್ತೇನೆ ಅನ್ನುತ್ತಾನೆ. ಮೂವರಲ್ಲಿ ಯಾರದು ನ್ಯಾಯ? ಲಗ್ನ ಮುಗಿಯುವವರೆಗೆ ಈ ಮಾತು ಎತ್ತಬಾರದು ಅಂತ ಮೂವರ ಕಡೆಯಿಂದಲೂ ಮಾಯಕ್ಕನ ಆಣೆ ಹಾಕಿಸಲೇ?

— ಒಬ್ಬ ತಾಯಿ

ತಂಗೀ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನೀನು ಮೂವರ ಬಗ್ಗೆ ಕೇಳಿದ್ದೀಯ. ನನ್ನ ಮನಸ್ಸು ಮಾತ್ರ ನಾಲ್ಕನೆಯವನ ಹತ್ತಿರ ನಿಂತುಬಿಟ್ಟಿತು. ಊಟದ ನಡುವೆ ಎದ್ದು ಕೈ ತೊಳೆದುಕೊಂಡು ಹೋದವನ ಹತ್ತಿರ. ಅವನಿಗೆ ನೀನು ಕೊಟ್ಟಿದ್ದು ಮೂರೇ ಸಾಲು. ಅವನ ಮಾತಿಗೆ ಆಮೇಲೆ ಬರುತ್ತೇನೆ, ಯಾಕೆಂದರೆ ನಿನ್ನ ಮನೆಯ ಗಂಟು ಬಿಚ್ಚುವುದು ಅಲ್ಲಿಂದಲೇ ಅನಿಸುತ್ತದೆ.

ಮೊದಲು ಆಣೆಯ ಮಾತು. ಹಾಕಿಸಬೇಡ. ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಗೆ ಮಹಾರಾಷ್ಟ್ರದಿಂದ ಎಷ್ಟು ಮಂದಿ ಬರುತ್ತಾರೆ ಅನ್ನುವುದನ್ನು ನೀನು ಕಣ್ಣಾರೆ ಕಂಡವಳು. ಎರಡೂ ಕಡೆಯವರನ್ನು ಒಂದೇ ಅಂಗಳದಲ್ಲಿ ನಿಲ್ಲಿಸಿಕೊಂಡ ದೇವಿಯ ಹೆಸರಲ್ಲಿ ಬಾಯಿ ಕಟ್ಟಿಸುವುದು ಸರಿಯಲ್ಲ. ಬೂದಿ ಮುಚ್ಚಿದ ಕೆಂಡ ಆರುವುದಿಲ್ಲ. ಲಗ್ನದ ಮನೆಯಲ್ಲಿ ಯಾರೋ ಬೀಗರು ಅಪ್ಪಿತಪ್ಪಿ ಬಸ್ಸಿನ ಮಾತು ತೆಗೆದರೂ ಸಾಕು, ಹೊತ್ತಿಕೊಳ್ಳುತ್ತದೆ. ಇನ್ನೂ ದಿನಗಳಿವೆ. ಆಡಬೇಕಾದ ಮಾತನ್ನು ಈಗಲೇ, ಬೇರೆ ಬೇರೆಯಾಗಿ, ಮೆಲ್ಲಗೆ ಆಡಿ ಮುಗಿಸು.

ಇನ್ನು ನ್ಯಾಯ ಯಾರದು? ಮೂವರ ನೋವೂ ಖರೆ. ಮೂವರ ಮಾತೂ ತಪ್ಪು. ಮಗನ ಬೆನ್ನ ಮೇಲಿನ ಬಾಸುಂಡೆ ಖರೆ, ‘ಎಲ್ಲಾ ಪೊಲೀಸರು’ ಅಂದದ್ದು ತಪ್ಪು. ಮೈದುನನ ಭುಜದ ಬಾವು ಖರೆ, ‘ಆ ಕೇರಿ ಹುಡುಗ್ರು’ ಅಂದದ್ದು ತಪ್ಪು. ತನ್ನಂಥ ಡ್ರೈವರನ ಮುಖಕ್ಕೆ ಬಳಿದ ಮಸಿ ತನ್ನ ಮುಖಕ್ಕೇ ಬಳಿದಂತೆ ನಿನ್ನ ಅಣ್ಣನಿಗೆ ಅನಿಸಿದ್ದು ಖರೆ, ‘ಕಾನಡಿ ಮಂದಿ’ ಅಂದದ್ದು ತಪ್ಪು. ಮೂವರಿಗೂ ಪೆಟ್ಟು ಕೊಟ್ಟವರು ಯಾರೋ ಒಬ್ಬಿಬ್ಬರು. ಮೂವರೂ ಬೈದದ್ದು ಒಂದೊಂದು ಇಡೀ ಕುಲವನ್ನು. ತಪ್ಪು ಮಾಡಿದವನನ್ನು ಹೆಸರು ಹಿಡಿದು ಕೇಳಬೇಕು, ಕುಲ ಹಿಡಿದು ಬೈಯಬಾರದು. ಈ ಪತ್ರದಲ್ಲಿ ನಾನು ಹೇಳಲಿಕ್ಕಿರುವುದು ಇದೊಂದೇ.

ಕುಲ ಹಿಡಿದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯ ಕಂಡಿದೆ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನ ಒಬ್ಬ ವಿದ್ಯಾರ್ಥಿ ಓಡಿಸುತ್ತಿದ್ದ ಕಾರು ಹಾಯ್ದು ಒಬ್ಬ ಹೆಣ್ಣುಮಗಳು ತೀರಿಕೊಂಡಳು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಗೆಳೆಯರ ಜತೆ ಬೇರೆ ಕಾರಿನಲ್ಲಿ ಬಂದಳು. ಆ ಅಪಘಾತ ಅವಳಿಗೆ ಗೊತ್ತೂ ಇರಲಿಲ್ಲ. ಗುಂಪು ಅವಳನ್ನು ಎಳೆದು ಹೊಡೆದು ಅವಮಾನ ಮಾಡಿತು, ಕಾರಿಗೆ ಬೆಂಕಿ ಹಚ್ಚಿತು. ಮೈಬಣ್ಣ ಒಂದೇ ಅನ್ನುವುದೊಂದೇ ಅವಳ ತಪ್ಪು. ಪೊಲೀಸರ ನಡತೆಯ ಮೇಲೂ ಪ್ರಶ್ನೆ ಎದ್ದು, ಕೆಲವರು ಅಮಾನತಾದರು.

ಬೆಂಗಳೂರು ದೂರವಾಯಿತು ಅನ್ನುವುದಾದರೆ, 2025ರ ಫೆಬ್ರುವರಿ 21ನ್ನು ನೆನಪಿಸಿಕೊ. ನಮ್ಮದೇ ಜಿಲ್ಲೆಯ ಸುಳೇಭಾವಿ–ಬಾಳೇಕುಂದ್ರಿ ದಾರಿಯಲ್ಲಿ ಮರಾಠಿ ಬರುವುದಿಲ್ಲ, ಕನ್ನಡದಲ್ಲಿ ಮಾತಾಡಿ ಅಂದ ಕಂಡಕ್ಟರನನ್ನು ಕೆಲವರು ಗುಂಪು ಕಟ್ಟಿ ಹೊಡೆದರು. ಹೊಡೆದವರು ಅಷ್ಟೇ ಮಂದಿ. ಪೆಟ್ಟು ತಿಂದವನ ಮೇಲೆಯೇ ಪೋಕ್ಸೋ ಪ್ರಕರಣ ದಾಖಲಾದಾಗ ಜನರ ಸಿಟ್ಟು ಪೊಲೀಸರ ಕಡೆಗೂ ತಿರುಗಿತು. ಹೊಡೆತ ಬಿದ್ದ ರಾತ್ರಿಯೇ ಅಲ್ಲಿಂದ ಬಹಳ ದೂರದ ಚಿತ್ರದುರ್ಗದ ಬಳಿ, ಬೆಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಮಹಾರಾಷ್ಟ್ರದ ಬಸ್ಸನ್ನು ತಡೆದು ಡ್ರೈವರನಿಗೆ ಮಸಿ ಬಳಿದರು. ಬಾಳೇಕುಂದ್ರಿಯ ಹೊಡೆತಕ್ಕೂ ಅವನಿಗೂ ಏನು ಸಂಬಂಧ? ಅತ್ತ ಕಡೆ ನಮ್ಮ ಬಸ್ಸುಗಳಿಗೂ ಮಸಿ ಬಿತ್ತು. ಎರಡೂ ರಾಜ್ಯಗಳ ಬಸ್ಸು ನಿಂತವು. ಆ ದಿನಗಳಲ್ಲಿ ಕಷ್ಟಪಟ್ಟವರು ಯಾರು? ಮಿರಜಿನ ಆಸ್ಪತ್ರೆಗೆ ಹೋಗಬೇಕಾದ ಅಥಣಿ, ಕಾಗವಾಡದ ರೋಗಿಗಳು, ಕೊಲ್ಲಾಪುರಕ್ಕೆ ಹೋಗಬೇಕಾದ ನಿಪ್ಪಾಣಿಯವರು, ತವರಿಗೆ ಹೋಗಬೇಕಾದ ನಿನ್ನಂಥ ಹೆಣ್ಣುಮಕ್ಕಳು. ಹೊಡೆದವರಿಗೆ ಏನೂ ಆಗಲಿಲ್ಲ ಅನ್ನುತ್ತಿಲ್ಲ. ಏನೂ ಮಾಡದವರು ಹೆಚ್ಚು ತೆತ್ತರು ಅನ್ನುತ್ತಿದ್ದೇನೆ.

ಈಗ ಒಬ್ಬೊಬ್ಬರ ಹತ್ತಿರ ಹೋಗೋಣ.

ಮಗನ ಜತೆ ಮಾತಾಡುವಾಗ ‘ನೀ ಯಾಕ ಹೋಗಿದ್ದಿ ಅಲ್ಲಿಗೆ’ ಎಂದು ಶುರು ಮಾಡಬೇಡ. ಪೆಟ್ಟು ತಿಂದವನಿಗೆ ಆ ಮಾತು ಇನ್ನೊಂದು ಪೆಟ್ಟು. ಕಬ್ಬಿನ ಹೋರಾಟ ಅವನ ಮನೆಯ ಹೋರಾಟವೇ. ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕುಳಿತರು. ನವೆಂಬರ್ 7ರಂದು ಹತ್ತರಗಿ ಟೋಲ್ ಬಳಿ ಕಲ್ಲು ಬಿದ್ದವು, ಪೊಲೀಸರು ಲಾಠಿ ಬೀಸಿದರು, ಅವರೂ ಗಾಯಗೊಂಡರು. ಅದೇ ದಿನ ಸರ್ಕಾರ 3,300 ರೂಪಾಯಿಗೆ ಬಂತು. ದರ ತಂದುಕೊಟ್ಟದ್ದು ಕೂತ ಜನರ ತಾಳ್ಮೆಯೋ, ತೂರಿದ ಕಲ್ಲೋ ಎಂದು ಚಿಕ್ಕೋಡಿ ಸೀಮೆಯ ಚಹಾದಂಗಡಿಗಳಲ್ಲಿ ಇನ್ನೂ ವಾದ ನಡೆದಿದೆ. ನನ್ನ ಅಭಿಪ್ರಾಯ ಕೇಳಿದರೆ, ಅಷ್ಟು ದಿನ ಬಯಲಲ್ಲಿ ಮಲಗಿದವರ ತಾಳ್ಮೆಯ ಫಲವನ್ನು ಕಲ್ಲಿನ ಲೆಕ್ಕಕ್ಕೆ ಬರೆಯುವುದು ಆ ರೈತರಿಗೇ ಮಾಡುವ ಅನ್ಯಾಯ.

ಇಷ್ಟು ಹೇಳಿ, ಅವನ ಬೆನ್ನಿನ ಲೆಕ್ಕವನ್ನು ಕಾಗದಕ್ಕೆ ಇಳಿಸು ಅನ್ನು. ಗುಂಪು ಚದುರಿಸಲು ಕಾನೂನಿನಲ್ಲಿ ಕ್ರಮ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಪ್ರಕಾರ ಚದುರಿ ಎಂಬ ಆದೇಶ ಕೇಳದಿದ್ದರೆ, ಇಲ್ಲವೇ ಚದುರುವುದಿಲ್ಲ ಎಂದು ಗುಂಪು ನಡತೆಯಿಂದಲೇ ತೋರಿಸಿದರೆ ಮಾತ್ರ ಬಲಪ್ರಯೋಗ. ಚಹಾದಂಗಡಿ ಮುಂದೆ ನಿಂತವನ ಬೆನ್ನಿಗೆ ಯಾಕೆ ಬಿತ್ತು ಎಂದು ಕೇಳುವ ಹಕ್ಕು ಅವನಿಗಿದೆ. ದಿನ, ಹೊತ್ತು, ಜಾಗ, ನೋಡಿದವರ ಹೆಸರು, ಡಾಕ್ಟರ ಚೀಟಿ, ಬಾಸುಂಡೆಯ ಫೋಟೊ ಎಲ್ಲವನ್ನೂ ಒಂದು ಕಡೆ ಇಡಲಿ. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಪೊಲೀಸರ ಮೇಲಿನ ದೂರು ಕೇಳಲೆಂದೇ ಪ್ರಾಧಿಕಾರಗಳು ಬಂದಿವೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು. ಆದರೆ ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ತಡಮಾಡುವುದು ಬೇಡ. ‘ಪೊಲೀಸರೆಲ್ಲಾ ಗೂಂಡಾಗೋಳು’ ಎಂದು ಸ್ಟೇಟಸ್ ಹಾಕಿದರೆ ಹೊಡೆದವನಿಗೇ ಅನುಕೂಲ, ಆ ದೊಡ್ಡ ಗುಂಪಿನೊಳಗೆ ಅವನು ಮರೆಯಾಗುತ್ತಾನೆ. ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಪೊಲೀಸ್ ಎಂದು ಬರೆದರೆ ಅವನೊಬ್ಬನೇ ನಿಂತು ಉತ್ತರ ಕೊಡಬೇಕಾಗುತ್ತದೆ. ದೂರು ಕೊಡುವುದೋ ಬಿಡುವುದೋ ಮಗನಿಗೆ ಬಿಟ್ಟದ್ದು. ಕಾಕಾನ ಮರ್ಯಾದೆಗೆ ಕುಂದು ಎಂದು ನೀನು ಅವನನ್ನು ತಡೆಯಬೇಡ.

ಮೈದುನನ ಹತ್ತಿರ ನೀನು ಹೋಗಬೇಡ. ತನ್ನ ಅಣ್ಣನ ಮಾತು ಅವನು ಕೇಳುತ್ತಾನೆ, ನಿನ್ನ ಯಜಮಾನರು ಹೋಗಲಿ. ಮೊದಲು ಭುಜ ಹೇಗಿದೆ ಎಂದು ವಿಚಾರಿಸಲಿ. ಹೆಂಡತಿ ಮಕ್ಕಳನ್ನು ಬಿಟ್ಟು ಬಿಸಿಲಲ್ಲಿ ನಿಂತವನ ಮೇಲೆ ಯಾರೋ ಕಾಣದ ಕೈ ಕಲ್ಲು ತೂರುವಾಗ ಆಗುವ ಭಯ ಸಣ್ಣದಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಪೊಲೀಸರ ಗುಂಡಿಗೆ ರೈತರು ಸತ್ತರು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಅವರ ಮನೆಯಲ್ಲೂ ಹೆಂಡತಿ ಮಕ್ಕಳು ಅತ್ತರು. ಇದನ್ನು ಮಗನಿಗೂ ಹೇಳಬೇಕು.

ಆಮೇಲೆ ಯಜಮಾನರು ತಮ್ಮನಿಗೆ ಇಷ್ಟು ಹೇಳಲಿ: ನಾವು ನೀವು ಹೊಲದಲ್ಲಿ ಕೂತು ಒಂದು ಕೇರಿಯನ್ನು ಬೈದರೆ ಅದು ಕೆಟ್ಟ ಮಾತು. ಲಾಠಿ ಹಿಡಿದವನ ತಲೆಯಲ್ಲಿ ಅದೇ ಮಾತು ಇದ್ದರೆ, ಓಡುವ ನೂರು ಬೆನ್ನುಗಳಲ್ಲಿ ಯಾವ ಬೆನ್ನು ಎಂದು ಆರಿಸುವುದು ಆ ಮಾತೇ. ಯಾರ ಮನೆ ಬಾಗಿಲನ್ನು ರಾತ್ರಿ ಬಡಿಯಬೇಕು, ಯಾರ ಹೆಸರು ಎಫ್‌ಐಆರ್‌ನಲ್ಲಿ ಮೊದಲು ಬರಬೇಕು ಎಂದು ತೀರ್ಮಾನಿಸುವುದೂ ಅದೇ. ಕಲ್ಲು ಒಗೆದವನ ಮುಖ ಅವನು ನೋಡಿದ್ದಾನೆಯೇ? ನೋಡಿದ್ದರೆ ಹೆಸರು ಹೇಳಲಿ, ಸಾಕ್ಷಿ ಕೊಡಲಿ. ನೋಡಿಲ್ಲದಿದ್ದರೆ ಕೇರಿಯ ಹೆಸರು ಹೇಳುವ ಅಧಿಕಾರ ಅವನ ಖಾಕಿಗೂ ಇಲ್ಲ.

ಅಣ್ಣನ ಹತ್ತಿರ ಹೋಗಬೇಕಾದವನು ನಿನ್ನ ಮಗ. ಗ್ರೂಪಿನಲ್ಲಿ ಕ್ಷಮೆಯ ಸಾಲು ಹಾಕಿದರೆ ಸಾಲದು. ಲಗ್ನಪತ್ರಿಕೆ ಹಿಡಿದು ಕುಡಚಿ, ಉಗಾರ, ಕಾಗವಾಡ ದಾಟಿ ಮಾಮಾನ ಮನೆಗೆ ಬಸ್ಸಿನಲ್ಲೇ ಹೋಗಲಿ. ಹೋಗುವ ಮುಂಚೆ ನೀನು ಒಂದು ಮಾತು ಹೇಳು: ‘ನೀ ಚಪ್ಪಾಳೆ ಹೊಡೆದದ್ದು ನಿನ್ನ ಮಾಮಾನ ಅನ್ನಕ್ಕೆ ಬಿದ್ದ ಮಸಿಗೆ. ನೀ ನನ್ನನ್ನ ಆಯಿ ಅಂತ ಕರೀತಿ. ನೀ “ಅವ್ರಿಗೆ” ಅಂದಾಗ ಅದರಾಗ ನಾನೂ ಬಂದೆ.’ ಇಪ್ಪತ್ತಾರು ವರ್ಷ ಎರಡು ಮಾತುಗಳನ್ನು ಒಂದೇ ಒಲೆಯ ಮುಂದೆ ಆಡಿದವಳು ನೀನು. ಈ ಮಾತನ್ನು ನಿನ್ನಷ್ಟು ಹಕ್ಕಿನಿಂದ ಬೇರೆ ಯಾರೂ ಹೇಳಲಾರರು. ಅಣ್ಣನಿಗೂ ನೀನೇ ಹೇಳು: ‘ಕಾನಡಿ ಮಂದಿ ಅಂದಿಯಲ್ಲ, ನಿನ್ನ ತಂಗಿಯ ಮಕ್ಕಳು ಯಾರು?’

ಈ ಸೀಮೆ ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂಬ ಗಡಿಯ ವಾದ ಗಡಿಯ ವಾದವಾಗಿಯೇ ಇರಲಿ. 1956ರವರೆಗೆ ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ನಿಪ್ಪಾಣಿ ಕರ್ನಾಟಕದ್ದು ಎಂದು ನಿನ್ನ ಮಗ ವಾದಿಸಲಿ, ನಾನೂ ಹಾಗೇ ನಂಬಿದವಳು. ಅಣ್ಣ ಬೇರೆ ನಂಬಲಿ. ಆ ತೀರ್ಪು ಬರುವ ಜಾಗ ಬೇರೆ ಇದೆ, ಬಸ್ಸಿನ ಡ್ರೈವರನ ಮುಖದ ಮೇಲೆ ಅದನ್ನು ಬರೆಯಲಾಗದು.

ಮೂವರಿಗೂ ನೀನು ಹೇಳಬಹುದಾದ ಕತೆಯೊಂದು ನಮ್ಮ ಮಣ್ಣಿನಲ್ಲೇ ಇದೆ. 1981ರ ಮಾರ್ಚ್ 14ರಿಂದ ನಿಪ್ಪಾಣಿಯ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ತಂಬಾಕಿಗೆ ನ್ಯಾಯವಾದ ಬೆಲೆ ಸಿಗಬೇಕು ಎಂಬುದು ಬೇಡಿಕೆ. ಮುಂದೆ ನಿಂತವರು ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶರದ್ ಜೋಶಿ. ಜತೆಗೆ ಬೀಡಿ ಕಾರ್ಮಿಕರನ್ನು ಸಂಘಟಿಸಿದ್ದ ನಿಪ್ಪಾಣಿಯ ಸುಭಾಷ್ ಜೋಶಿ. ಸಾವಿರ ಸಾವಿರ ಮಂದಿ ಚಕ್ಕಡಿ, ಎತ್ತುಗಳ ಸಮೇತ ರಸ್ತೆಯಲ್ಲೇ ಊರು ಕಟ್ಟಿಕೊಂಡು ಇಪ್ಪತ್ನಾಲ್ಕು ದಿನ ಇದ್ದರು. ನಾನಾಗ ಸಣ್ಣ ಹುಡುಗಿ. ನಮ್ಮ ಓಣಿಯಿಂದ ಬುತ್ತಿಗಂಟು ಹೋಗುತ್ತಿದ್ದವು. ಕನ್ನಡ ಮನೆಯ ರೊಟ್ಟಿ, ಮರಾಠಿ ಮನೆಯ ಭಾಕ್ರಿ ಒಂದೇ ಬುಟ್ಟಿಯಲ್ಲಿ. ಹಂಚುವಾಗ ಯಾವುದು ಯಾರದೆಂದು ಯಾರೂ ನೋಡಲಿಲ್ಲ.

ಏಪ್ರಿಲ್ 6ರಂದು ಪೊಲೀಸರು ಬಂದರು. ಗುಂಡು ಹಾರಿತು. 12 ರೈತರು ಸತ್ತರು. ನಮ್ಮ ಓಣಿಯ ಹೆಂಗಸರು ಅಂದು ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಷ್ಟು ದುಃಖದಲ್ಲೂ ನಮ್ಮ ಹಿರಿಯರು ಕೇಳಿದ್ದು ಒಂದೇ: ‘ಗುಂಡು ಹಾರಿಸ್ರಿ ಅಂದವರು ಯಾರು?’ ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರದಿಂದ ಉತ್ತರ ಕೇಳಿದರು. ಎದುರಿನ ಪೊಲೀಸ್ ಲೈನಿನ ಮಕ್ಕಳ ಜತೆ ನಮಗೆ ಆಟ ಬಿಡಿಸಲಿಲ್ಲ. ಹೆಸರು ಹಿಡಿದು ಕೇಳುವುದನ್ನು ನಾನು ಕಲಿತದ್ದು ಅಲ್ಲಿ. ಪ್ರತಿ ವರ್ಷ ಏಪ್ರಿಲ್ 6ಕ್ಕೆ ಆ ಹುತಾತ್ಮರ ನೆನಪಾದಾಗ, ಸತ್ತವರ ಮನೆಮಾತು ಯಾವುದೆಂದು ಲೆಕ್ಕ ಹಾಕಿದವರನ್ನು ನಾನು ಕಂಡಿಲ್ಲ.

ಈಗ ನಾಲ್ಕನೆಯವನ ಮಾತು. ತಂಗೀ, ನಿನ್ನ ಮಗನಿಗೆ ಹೋರಾಟ ಇದೆ, ಸ್ಟೇಟಸ್ ಇದೆ. ಮೈದುನನಿಗೆ ಇಲಾಖೆ ಇದೆ. ಅಣ್ಣನಿಗೆ ಬಿಟ್ಟು ಹೋಗಲು ಒಂದು ಗ್ರೂಪಾದರೂ ಇತ್ತು. ಆ ಮನುಷ್ಯನಿಗೆ ಇದ್ದದ್ದು ಅರ್ಧ ಉಂಡ ಊಟ, ಅದನ್ನು ಬಿಟ್ಟು ಎದ್ದ. ಅವನಿಗೂ ವಯಸ್ಸಿಗೆ ಬಂದ ಮಕ್ಕಳಿರಬಹುದು. ‘ಆ ಕೇರಿ ಹುಡುಗ್ರು’ ಅಂದಾಗ ಅವನ ಕಣ್ಣ ಮುಂದೆ ಬಂದದ್ದು ಅವರ ಬೆನ್ನು. ಇಪ್ಪತ್ತು ವರ್ಷ ನಿಮ್ಮ ಹೊಲಕ್ಕೆ ನೀರು ಹಾಯಿಸಿದವನು ತಿರುಗಿ ಒಂದು ಮಾತು ಆಡಲಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು, ಅಲ್ಲಿ ಕೂತ ನೀವು ಯಾರೂ ಮಾತಾಡಿದಂತೆ ಕಾಣಲಿಲ್ಲ. ಪೊಲೀಸರ ವಿರುದ್ಧ ಗುಡುಗಿದ ನಿನ್ನ ಮಗನೂ ಆಗ ಸುಮ್ಮನಿದ್ದನೇ? ಪತ್ರದಲ್ಲಿ ನೀನು ಬರೆದಿಲ್ಲ.

2023ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಹೊಸ ವಂಟಮುರಿಯಲ್ಲಿ ಒಬ್ಬ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಹೊಡೆದವರನ್ನು ಮಾತ್ರವಲ್ಲ, ಸುತ್ತ ನಿಂತು ಸುಮ್ಮನೆ ನೋಡಿದವರನ್ನೂ ಕೋರ್ಟ್ ಪ್ರಶ್ನಿಸಿತು. ಹೊಲದ ಊಟವನ್ನು ಆ ಘೋರಕ್ಕೆ ಸರಿಗಟ್ಟುತ್ತಿಲ್ಲ. ಆದರೆ ಸುಮ್ಮನೆ ಕೂರುವ ರೂಢಿ ಬೆಳೆಯುವುದು ಇಂಥ ಸಣ್ಣ ಕಡೆಯಲ್ಲೇ. ಡಾ. ಅಂಬೇಡ್ಕರ್ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದು 1925ರ ಏಪ್ರಿಲಿನಲ್ಲಿ. ನೂರು ವರ್ಷ ದಾಟಿತು. ನೂರು ವರ್ಷದ ಮೇಲೂ ನಮ್ಮ ಎಳ್ಳಮಾಸಿ ಊಟದಿಂದ ಒಬ್ಬ ಅರ್ಧಕ್ಕೆ ಎದ್ದು ಹೋಗುತ್ತಾನೆ ಅಂದರೆ ನಾವು ಯಾವ ಮುಖ ಇಟ್ಟುಕೊಂಡು ಬೇರೆಯವರ ಪೂರ್ವಗ್ರಹದ ಬಗ್ಗೆ ಮಾತಾಡಬೇಕು?

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ. ನೀನೂ ಯಜಮಾನರೂ ಅವನ ಮನೆಗೆ ಹೋಗಿ. ಕೆಲಸಕ್ಕೆ ಬಾ ಎಂದು ಕರೆಯಲಿಕ್ಕೆ ಹೋಗಬೇಡಿ. ಕೆಲಸದ ಮಾತು ಅಂದು ಬೇಡವೇ ಬೇಡ. ‘ಅವತ್ತು ನಮ್ಮ ಮನಿ ಮಂದಿ ತಪ್ಪು ಮಾತಾಡಿದ್ರು, ನಾವು ಸುಮ್ಮನ ಕೂತಿದ್ದು ಇನ್ನೂ ತಪ್ಪು’ ಎಂದಷ್ಟೇ ಹೇಳಿ. ಅಲ್ಲಿ ಚಹಾ ಕೊಟ್ಟರೆ ಕುಡಿದು ಬನ್ನಿ. ಅವನು ಮಾತಾಡದೇ ಇರಬಹುದು, ಬರುತ್ತೇನೆ ಅನ್ನದೇ ಇರಬಹುದು. ಅದು ಅವನ ಹಕ್ಕು, ಒತ್ತಾಯ ಬೇಡ. ಮೈದುನನ ಮನಸ್ಸು ತಿರುಗಿ ತಾನೂ ಬರುತ್ತೇನೆ ಅಂದರೆ ಖಾಕಿ ತೆಗೆದಿಟ್ಟು ಬರಲಿ.

ಇದೆಲ್ಲ ಮಾಡಿದ ಮೇಲೂ ಮೂವರೂ ಒಂದೇ ಮಾತಿಗೆ ಬರುತ್ತಾರೆ ಎಂದು ನಾನು ಭರವಸೆ ಕೊಡಲಾರೆ. ಪೊಲೀಸರ ಬಗ್ಗೆ ಮಗ, ಹೋರಾಟದ ಬಗ್ಗೆ ಕಾಕಾ, ಗಡಿಯ ಬಗ್ಗೆ ಮಾಮಾ ಬೇರೆ ಬೇರೆಯಾಗಿಯೇ ಯೋಚಿಸಬಹುದು. ಒಂದೇ ಚಪ್ಪರದಡಿ ನಿಲ್ಲಲು ಒಂದೇ ಅಭಿಪ್ರಾಯ ಬೇಕಿಲ್ಲ. ಇನ್ನೊಬ್ಬನ ಕುಲಕ್ಕೆ ಕೈ ಹಾಕುವುದಿಲ್ಲ ಎಂಬ ನಂಬಿಕೆ ಇದ್ದರೆ ಸಾಕು. ಲಗ್ನದ ದಿನ ಯಾರಾದರೂ ‘ಅವ್ರೆಲ್ಲಾ ಹಿಂಗ’ ಎಂದು ಶುರು ಮಾಡಿದರೆ ನೀನು ಜಗಳ ಆಡಬೇಕಿಲ್ಲ. ‘ಯಾರು? ಹೆಸರ ಹೇಳು’ ಎಂದು ಕೇಳು. ಹೆಸರು ಗೊತ್ತಿದ್ದವನು ಹೇಳುತ್ತಾನೆ. ಗೊತ್ತಿಲ್ಲದವನ ಮಾತು ಅಲ್ಲಿಗೇ ನಿಲ್ಲುತ್ತದೆ.

ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಮೊದಲನೆಯದನ್ನು ಮಾಯಕ್ಕನ ಮುಂದೆ ಇಡು. ಎರಡನೆಯದು ನಿನ್ನ ತವರಿಗೆ, ಮಗನ ಕೈಯಲ್ಲಿ. ಮೂರನೆಯದರ ಮೇಲೆ ಆ ಕೇರಿಯ ಮನುಷ್ಯನ ಹೆಸರನ್ನು ನೀನೇ ಬರೆ, ಮನೆಯವರೆಲ್ಲರ ಹೆಸರು ಸೇರಿಸಿ, ಪೂರ್ತಿಯಾಗಿ.

— ನಿನ್ನ ಅಕ್ಕ